ಕೊನೀ ಕೈ

ನಮ್ಮ ಅವ್ವನ ಪ್ರಕಾರ ಸ್ಟೀಲ್ ಪಾತ್ರೆಯಲ್ಲಿ ಕುದಿಸಿದ ಸಾರು ಸಾರೇ ಅಲ್ಲ. ಹಾನಗಲ್ಲಿನ ನಮ್ಮ ಮನೆಗೆ ಗ್ಯಾಸ್ ಬಂತು, ಮಿಕ್ಸರ್ ಬಂತು, ಫ್ರಿಜ್ ಬಂತು. ಸಾರಿನ ಪಾತ್ರೆ ಮಾತ್ರ ಹಿತ್ತಾಳೆಯದೇ ಉಳಿಯಿತು. ಹಿತ್ತಾಳೆ ಎಂದ ಮೇಲೆ ಒಳಗೆ ಕಲಾಯಿ ಇರಲೇಬೇಕು, ಇಲ್ಲದಿದ್ದರೆ ಹುಣಸೆಹುಳಿ ಬಿದ್ದ ಕೂಡಲೇ ಸಾರು ಕಿಲುಬು ವಾಸನೆ ಹೊಡೆಯುತ್ತದೆ. ಹಾನಗಲ್ಲಿನಲ್ಲಿ ಕಲಾಯಿ ಹಾಕುವವರು ನಮಗೆ ಸಿಗಲಿಲ್ಲ. ಹೀಗಾಗಿ ವರ್ಷಕ್ಕೆರಡು ಸಲ ಎರಡು ಪಾತ್ರೆ, ಒಂದು ಚರಿಗೆಯನ್ನು ಚೀಲಕ್ಕೆ ತುಂಬಿಕೊಂಡು ಸವಣೂರಿಗೆ ಹೋಗುವ ಕೆಲಸ ನನ್ನ ತಲೆಗೆ ಬಿತ್ತು. ಇಂಜಿನಿಯರಿಂಗ್ ಓದಿಸಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ ಎಂದು ಅವ್ವ ಚುಚ್ಚುತ್ತಿದ್ದಳು.

ಸವಣೂರಿನ ಹಳೆ ಪೇಟೆಯ ಒಂದು ಸಂದಿಯಲ್ಲಿ, ತಗಡಿನ ಮರೆಯಲ್ಲಿ ಕಲಾಯಿ ಹಾಕುವ ಉಸ್ತಾದರು ಕೂರುತ್ತಿದ್ದರು. ಅರವತ್ತು ದಾಟಿದ ಮನುಷ್ಯ. ತಲೆಗೆ ಬಿಳಿ ಟೊಪ್ಪಿಗೆ, ಕೆನ್ನೆಯಲ್ಲಿ ಸವಣೂರಿನ ವೀಳ್ಯದೆಲೆ, ಎದುರಿಗೆ ಇದ್ದಿಲಿನ ಗುಂಡಿ. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಕಪ್ಪಗಿದ್ದ ಹೊಟ್ಟೆ ಬೆಳ್ಳಗೆ ಹೊಳೆಯುತ್ತಿತ್ತು. ನನಗೆ ಅದಕ್ಕಿಂತ ಆಮೇಲಿನದು ಸೋಜಿಗ. ಪಾತ್ರೆ ಆರಿದ ಮೇಲೆ ಅವರು ಕಣ್ಣು ಮುಚ್ಚಿ ಎರಡು ಬೆರಳನ್ನು ಒಳಗೆ ಓಡಿಸುತ್ತಿದ್ದರು. ನನ್ನ ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಬೆರಳು ನಿಲ್ಲುತ್ತಿತ್ತು, ಅಲ್ಲಿ ಮತ್ತೊಂದು ಸಲ ಉಜ್ಜುತ್ತಿದ್ದರು. ಯಾರನ್ನೂ ಸರಿ ಆಯಿತೇ ಎಂದು ಕೇಳುತ್ತಿರಲಿಲ್ಲ. ಆಯಿತು ಎಂದರೆ ಆಯಿತು.

ಒಂದು ಸಲ ಅವ್ವ ಬರಿದಾದ ಪಾತ್ರೆಯನ್ನು ಉರಿಯ ಮೇಲಿಟ್ಟು ಪಕ್ಕದ ಮನೆಯವರೊಡನೆ ಹರಟೆಗೆ ಕೂತಳು. ಕಲಾಯಿ ಕರಗಿ ಮುದ್ದೆಯಾಯಿತು. "ಹಿಂಗಾತಂತ ಅವರ ಮುಂದ ಹೇಳಬ್ಯಾಡ ಮತ್ತ" ಎಂದು ನನಗೆ ತಾಕೀತು ಮಾಡಿದಳು. ನಾನು ಸವಣೂರಿಗೆ ಹೋಗಿ, ಒಂದೇ ತಿಂಗಳಿಗೆ ಹೋಯಿತು ನೋಡಿ ಎಂದು ಮುಖ ಗಂಟು ಹಾಕಿಕೊಂಡೆ. ತಳದಲ್ಲಿ ಸುಟ್ಟ ಕಲೆ ನಾಲ್ಕು ಬೆರಳಗಲ ಇತ್ತು. ಅವರು ಅದರ ಮೇಲೆ ಕೈಯಾಡಿಸಿದರು, ನನ್ನ ಮುಖ ನೋಡಲಿಲ್ಲ.

"ಕೊನೀ ಕೈ ನಂದ ಐತ್ರಿ. ಇಟ್ಟು ಹೋಗ್ರಿ, ಮಾಡಿ ಕೊಡ್ತೇನಿ" ಎಂದರು.

ಪಾತ್ರೆ ತರಲು ಹೋದಾಗ ಹಾಗೆಂದರೇನು ಎಂದು ಕೇಳಿದೆ. ಬಡಿಯುವವರು ಒಬ್ಬರು, ಬೆಸೆಯುವವರು ಒಬ್ಬರು, ಕಲಾಯಿ ಕೊನೆಗೆ. ತಿರುಗಿ ಬಂದ ಪಾತ್ರೆಗೆ ಯಾರ ಕೈ ಕೊನೆಯದೋ ಅವರೇ ಜವಾಬು ಕೊಡಬೇಕು, ನೀವು ಏನು ಮಾಡಿದಿರಿ ಎಂದು ಗಿರಾಕಿಯನ್ನು ಕೇಳಬಾರದು. ಅವರ ಅಪ್ಪ, ಅಜ್ಜ ನಡೆಸಿಕೊಂಡು ಬಂದ ರೀತಿ ಅದು. "ಮಂದಿನ್ನ ಕೇಳಾಕ ನಿಂತ್ರ ಅವರು ಸುಳ್ಳು ಹೇಳಬೇಕಾಗ್ತೈತ್ರಿ. ಅವರಿಗೆ ಯಾಕ ಆ ತ್ರಾಸು?" ಎಂದು ನಕ್ಕರು. ನಾನೂ ನಕ್ಕೆ. ಎಷ್ಟು ಅನುಕೂಲದ ಪದ್ಧತಿ ಎಂದುಕೊಂಡು ಚೀಲ ಎತ್ತಿಕೊಂಡು ಬಸ್ಸು ಹತ್ತಿದೆ. ಆ ಅನುಕೂಲವನ್ನು ಮುಂದೆ ನಾನು ಎಷ್ಟು ಚೆನ್ನಾಗಿ ಬಳಸಿಕೊಂಡೆ ಎಂಬುದನ್ನು ಹೇಳಲೆಂದೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನನ್ನ ನೌಕರಿ ಶಿಗ್ಗಾವಿಯಿಂದ ತಡಸದ ಕಡೆ ಹೋಗುವ ಹೆದ್ದಾರಿಯ ಪಕ್ಕದ ಒಂದು ಶೆಡ್ಡಿನಲ್ಲಿ. ಹೊರಗಿನಿಂದ ನೋಡಿದವರು ಗೊಬ್ಬರದ ಗೋದಾಮು ಅಂದುಕೊಳ್ಳುತ್ತಾರೆ. ಒಳಗೆ ಇರುವುದು ಲೋಹ ಮುದ್ರಿಸುವ ಒಂದು ಯಂತ್ರ. ಅದು ಅಲ್ಯೂಮಿನಿಯಂ ಪುಡಿಯನ್ನು ತಟ್ಟೆಯ ಮೇಲೆ ತೆಳ್ಳಗೆ ಹರಡುತ್ತದೆ. ಬೇಕಾದ ಜಾಗದಲ್ಲಷ್ಟೇ ಲೇಸರ್ ಕಿರಣ ಓಡಾಡಿ ಪುಡಿ ಕರಗಿಸುತ್ತದೆ. ತಟ್ಟೆ ಕೂದಲೆಳೆಗಿಂತ ಕಡಿಮೆ ಇಳಿಯುತ್ತದೆ, ಮತ್ತೆ ಪುಡಿ, ಮತ್ತೆ ಕಿರಣ. ಹೀಗೆ ಸಾವಿರಾರು ಪದರಗಳಾದ ಮೇಲೆ ಪುಡಿ ಸರಿಸಿದರೆ ಒಳಗೆ ಒಂದು ವಸ್ತು ನಿಂತಿರುತ್ತದೆ. ನಾವು ಮಾಡುವುದು ಮೈಕ್ರೋವೇವ್ ಆಂಟೆನಾ. ತುತ್ತೂರಿಯ ಹಾಗೆ ಅಗಲವಾದ ಬಾಯಿ, ಅದರ ಹಿಂದೆ ಬಾಗಿದ ಚೌಕ ಕೊಳವೆ. ತಗಡು ಬಾಗಿಸಿ ಬೆಸೆದು ಮಾಡಿದರೆ ಪ್ರತಿ ಬೆಸುಗೆಯಲ್ಲೂ ಅಷ್ಟಷ್ಟು ಸಿಗ್ನಲ್ ಸೋರಿ ಹೋಗುತ್ತದೆ. ನಮ್ಮದರಲ್ಲಿ ಬೆಸುಗೆಯೇ ಇಲ್ಲ, ಬಾಯಿಂದ ಬುಡದವರೆಗೆ ಒಂದೇ ತುಂಡು.

ಈ ಯಂತ್ರಕ್ಕೆ ಯಾವ ವಸ್ತುವನ್ನು ಹೇಗೆ ಓರೆ ಮಾಡಿ ನಿಲ್ಲಿಸಬೇಕು ಎಂದು ಗೊತ್ತು ಮಾಡುವವಳು ನಾನು. ಕೇಳಲು ಸಣ್ಣ ಕೆಲಸ. ಆದರೆ ಒಳಗಿನ ಕೊಳವೆಯ ಯಾವ ಗೋಡೆಯೂ ಚಾವಣಿಯ ಹಾಗೆ ಅಡ್ಡ ಮಲಗಬಾರದು. ಮಲಗಿದರೆ ಅದರ ಕೆಳಗೆ ಆಧಾರಕ್ಕೆ ಬರೀ ಸಡಿಲ ಪುಡಿ. ಕರಗಿದ ಲೋಹ ಆ ಪುಡಿಯೊಳಕ್ಕೆ ಜೋತು ಗಂಟುಗಂಟಾಗುತ್ತದೆ. ಕೊಳವೆ ಓರೆಯಾಗಿ ನಿಂತರೆ ಆ ಕಾಟವಿಲ್ಲ. ಓರೆ ನಿಲ್ಲಿಸಿದರೂ ಒಳಮೈ ಕನ್ನಡಿಯಂತೇನೂ ಬರುವುದಿಲ್ಲ, ಮರಳುಕಾಗದದ ಹಾಗೆ ತರಿತರಿಯಾಗಿರುತ್ತದೆ. ಸಿಗ್ನಲ್ ಓಡುವುದು ಆ ಒಳಮೈಯ ಮೇಲೆಯೇ. ಅದನ್ನು ನಯ ಮಾಡಲು ನಾವು ಏನೇನೋ ಮಾಡಿ ಸೋತು ಕೂತಿದ್ದಾಗ ನನಗೆ ಸವಣೂರಿನ ಆ ಎರಡು ಬೆರಳು ನೆನಪಾದವು.

ಉಸ್ತಾದರನ್ನು ಶೆಡ್ಡಿಗೆ ಕರೆದುಕೊಂಡು ಬಂದವಳೂ ನಾನೇ. ಮಾಲಕರು ಮೊದಲು ನಕ್ಕರು, ಆಮೇಲೆ ಒಂದು ಆಂಟೆನಾ ಕೊಟ್ಟು ನೋಡೋಣ ಎಂದರು. ಉಸ್ತಾದರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರೊಳಗ ಏನ್ ಕುದಸ್ತಾರ್ರಿ?" ಎಂದು ಕೇಳಿದರು. ಮೋಡದೊಳಗಿನ ಮಳೆ ಅಳೆಯುವ ರಡಾರಿಗೆ ಇದು ಬಾಯಿ ಎಂದೆ. ತಲೆಯಾಡಿಸಿ ಕೂತರು. ಬೆರಳು ಹೋಗುವಷ್ಟು ದೂರ ಬೆರಳು, ಅದರಾಚೆಗೆ ತಾವೇ ಕೆತ್ತಿದ ಬಿದಿರ ಕಡ್ಡಿ, ತುದಿಗೆ ಅರಿವೆ, ಅರಿವೆಗೆ ನುಣ್ಣನೆ ಉಜ್ಜುಪುಡಿ. ಮೂರು ದಿನದ ಮೇಲೆ ಕೊಟ್ಟ ಆಂಟೆನಾವನ್ನು ನಮ್ಮ ಪರೀಕ್ಷೆಯ ಕೋಣೆಗೆ ಒಯ್ದೆವು. ಆ ಕೋಣೆಯ ಜವಾಬ್ದಾರಿ ಹಿರೇಕೆರೂರಿನ ಒಬ್ಬ ಇಂಜಿನಿಯರನದು. ಮೆದು ಮಾತಿನವನು, ಊರಲ್ಲಿ ಗೋವಿನಜೋಳದ ಹೊಲ, ಫೋನಿನಲ್ಲಿ ಸದಾ ಹೊಲದ ಮಾತು. ಗ್ರಾಫ್ ನೋಡಿದವನು ಫೋನ್ ಕೆಳಗಿಟ್ಟ. "ಭಾರೀ ಬಂದೈತ್ರಿ" ಎಂದ. ಅಂದಿನಿಂದ ಉಸ್ತಾದರು ವಾರಕ್ಕೆ ನಾಲ್ಕು ದಿನ ಸವಣೂರಿನ ಬಸ್ಸಿಗೆ ಬಂದು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂರತೊಡಗಿದರು. ಕೈ ಪಳಗಿದ ಮೇಲೆ ದಿನಕ್ಕೆ ಮೂರ್ನಾಲ್ಕು ಮುಗಿಸುತ್ತಿದ್ದರು.

ಅವರು ಬಂದದ್ದಕ್ಕೆ ನಾನು ಬೀಗಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಬಂದವರಿಗೆಲ್ಲ ತೋರಿಸುತ್ತಿದ್ದೆ, ಇವರನ್ನು ಹುಡುಕಿ ತಂದದ್ದು ನಾನು ಎನ್ನುತ್ತಿದ್ದೆ. ಅವರು ಮಾತ್ರ ತಲೆ ಎತ್ತದೆ ಕಡ್ಡಿ ಆಡಿಸುತ್ತಿರುತ್ತಿದ್ದರು. ಮುಗಿದ ಆಂಟೆನಾವನ್ನು ಅರಿವೆಯ ಮೇಲೆ ಬೋರಲು ಹಾಕಿ ಎದ್ದು ಹೋಗುತ್ತಿದ್ದರು. ಬೋರಲು ಹಾಕಿದರೆ ಮುಗಿಯಿತು ಎಂದರ್ಥ.

ಕೆಟ್ಟದ್ದು ಎಂಟು ಆಂಟೆನಾಗಳ ಒಂದು ಕೆಲಸದಲ್ಲಿ. ಗಿರಾಕಿ ತಾನೇ ಬಂದು ಪರೀಕ್ಷೆ ನೋಡುತ್ತೇನೆ ಎಂದು ದಿನ ಗೊತ್ತು ಮಾಡಿದ. ನಡುವೆ ಎರಡು ದಿನ ಕರೆಂಟು ಕೈಕೊಟ್ಟು ಯಂತ್ರ ನಿಂತಿತು. ಎತ್ತರ ಹೆಚ್ಚಿದಷ್ಟೂ ಪದರ ಹೆಚ್ಚು, ಪದರ ಹೆಚ್ಚಿದಷ್ಟೂ ವೇಳೆ ಹೆಚ್ಚು. ನಾನು ಕಂಪ್ಯೂಟರಿನ ಮುಂದೆ ಕೂತು ಎಂಟನ್ನೂ ಇನ್ನಷ್ಟು ಮಲಗಿಸಿದೆ. ಎತ್ತರ ಇಳಿಯಿತು, ಒಂದು ದಿನ ಉಳಿಯಿತು. ಕೊಳವೆಯ ಒಂದು ಗೋಡೆ ಈಗ ಚಾವಣಿಯಾಗುತ್ತದೆ ಎಂದು ಪರದೆಯ ಮೇಲೆ ಕೆಂಪು ಬಣ್ಣ ಎಚ್ಚರಿಸಿತು. ಸ್ವಲ್ಪ ಜೋತರೆ ಉಸ್ತಾದರು ಉಜ್ಜುತ್ತಾರೆ ಬಿಡು ಎಂದುಕೊಂಡು ಎಚ್ಚರಿಕೆಯನ್ನು ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ಹೇಳಬೇಕಾದಷ್ಟು ದೊಡ್ಡದಲ್ಲ ಅನ್ನಿಸಿತ್ತು.

ಆಂಟೆನಾಗಳು ಕೈಗೆ ಬಂದ ಅರ್ಧ ಗಂಟೆಗೆ ಉಸ್ತಾದರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಅವರು ತಾವಾಗಿ ಎದ್ದು ಬಂದದ್ದು ಅದೇ ಮೊದಲು.

"ಬಾಯಾರ, ಈ ಸಲದವು ಬ್ಯಾರೆ ಅದಾವ್ರಿ. ಒಳಗ ಮ್ಯಾಲಿನ ಗ್ವಾಡಿ ಇಳದೈತಿ. ಬಾಗಿದ ಕಡೆ ಕಡ್ಡಿ ತಡದು ನಿಲ್ತೈತಿ. ಇದು ಉಜ್ಜಿದ್ರ ಹೋಗೂವಂಥಾದ್ದಲ್ಲ."

ಗಿರಾಕಿ ಬರಲು ಎರಡು ದಿನವಿತ್ತು. ನನಗೆ ಸಿಟ್ಟು ಬಂತು. ತಪ್ಪು ಹಿಡಿದವರ ಮೇಲೆ ಬರುವ ಸಿಟ್ಟು ಅದು, ಅದರ ರುಚಿ ನನಗೆ ಈಗ ಚೆನ್ನಾಗಿ ಗೊತ್ತು. "ನಿಮಗ ಅಳತಿ ಗೊತ್ತಿಲ್ರಿ. ಅದು ಹಂಗ ಇರಬೇಕು. ಎಷ್ಟಾಗ್ತೈತಿ ಅಷ್ಟು ಉಜ್ಜಿ ಕೊಡ್ರಿ" ಎಂದೆ. ಅವರು "ಆತ್ರಿ" ಎಂದು ಹೋಗಿ ಕೂತರು. ಎರಡು ದಿನ ನಮಾಜಿಗೆ ಏಳುವುದು ಬಿಟ್ಟರೆ ಬೇರೆ ಏಳಲಿಲ್ಲ. ಎಂಟೂ ಮುಗಿದ ಮೇಲೆ ಬೋರಲು ಹಾಕಲಿಲ್ಲ, ಹಾಗೆಯೇ ನಿಲ್ಲಿಸಿ ಹೋದರು. ನಾನು ಅದನ್ನು ನೋಡಿದೆ.

ಗಿರಾಕಿ ಬಂದ ದಿನ ಎಂಟರಲ್ಲಿ ಒಂದೂ ಪಾಸಾಗಲಿಲ್ಲ. ಕಳಿಸಿದ ಸಿಗ್ನಲ್ ಹೊರಗೆ ಹೋಗದೆ ವಾಪಸು ಬರುತ್ತಿತ್ತು. ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ನಾವೆಲ್ಲ ನಿಂತಿದ್ದೆವು: ಮಾಲಕರು, ಗಿರಾಕಿ, ಯಂತ್ರ ನಡೆಸುವವರು, ಕೊನೆಗೆ ಉಸ್ತಾದರು. ಮಾಲಕರು ನನ್ನ ಕಡೆ ತಿರುಗಿ, ಏನಾಯಿತು ಎಂದು ಕೇಳಿದರು. ಗಿರಾಕಿಯೂ ನನ್ನನ್ನೇ ನೋಡಿದ.

ಆ ಗಳಿಗೆಯಲ್ಲಿ ನನಗೆ ಗೊತ್ತಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಕೆಂಪು ಬಣ್ಣ ನೆನಪಿತ್ತು, ಬೋರಲು ಹಾಕದೆ ನಿಲ್ಲಿಸಿದ ಎಂಟು ಆಂಟೆನಾ ನೆನಪಿತ್ತು. ನನ್ನ ಬಾಯಿಂದ ಬಂದದ್ದು ಇದು: "ಯಂತ್ರದಿಂದ ಸರಿಯಾಗೇ ಬಂದಿದ್ವು. ಆಮೇಲೆ ಕೈಲೆ ಉಜ್ಜೂ ಮುಂದ ಒಳಗಿನ ಅಳತಿ ಕೆಟ್ಟೈತಿ."

ಹಿರೇಕೆರೂರಿನವನು ಗ್ರಾಫಿನ ಕಡೆ ಬಾಗಿ, "ಉಜ್ಜಿದ್ರ ಒಳಗಿನ ಜಾಗಾ ಹೆಚ್ಚಾಗಬೇಕ್ರಿ ಮೇಡಂ, ಇದು ಕಡಿಮಿ ಆದಂಗ ಕಾಣತೈತಿ" ಎಂದ. ಆಮೇಲೆ ಮಾತಾಡೋಣ ಎಂದು ಅವನ ಬಾಯಿ ಮುಚ್ಚಿಸಿದೆ. ಉಸ್ತಾದರು ಮಾತಾಡಬಹುದಿತ್ತು. ಎರಡು ದಿನ ಮೊದಲೇ ಹೇಳಿದ್ದೆ ಎನ್ನಬಹುದಿತ್ತು. ಅವರು ಮುಂದೆ ಬಂದು ಮಾಲಕರಿಗೆ ಹೇಳಿದರು:

"ಕೊನೀ ಕೈ ನಂದ ಐತ್ರಿ."

ಅವರು ಹಾಗೆಯೇ ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಸವಣೂರಿನ ಆ ಸಂದಿಯಲ್ಲಿ ಕೇಳಿ ತಿಳಿದುಕೊಂಡವಳು ಆ ಶೆಡ್ಡಿನಲ್ಲಿ ನಾನೊಬ್ಬಳೇ. ಉಳಿದವರಿಗೆ ಅದು ತಪ್ಪೊಪ್ಪಿಗೆಯಾಗಿ ಕೇಳಿಸಿತು. ಹಾಗೆ ಕೇಳಿಸಲಿ ಎಂದು ಸುಮ್ಮನಿದ್ದೆ.

ಮರುದಿನ ಉಸ್ತಾದರು ಬರಲಿಲ್ಲ. ಯಾರೂ ಬರಬೇಡಿ ಎಂದಿರಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಅವರ ಬಿದಿರ ಕಡ್ಡಿಗಳು ಕಿಟಕಿಯ ಪಕ್ಕ ಡಬ್ಬಿಯಲ್ಲಿ ಉಳಿದವು. ಎಂಟು ಆಂಟೆನಾಗಳನ್ನು ಹೊಸದಾಗಿ ಮುದ್ರಿಸಬೇಕಾಯಿತು. ಈ ಸಲ ನಾನು ಯಾರಿಗೂ ಹೇಳದೆ ಮೊದಲಿನ ಹಾಗೆ ಓರೆಯಾಗಿ ನಿಲ್ಲಿಸಿದೆ. ಒಳಮೈಯನ್ನು ಕೈಯಿಂದ ಮುಟ್ಟದೆ ರಾಸಾಯನಿಕ ನೀರಿನಲ್ಲಿ ಅದ್ದಿ ತೆಗೆದೆವು. ಉಸ್ತಾದರ ಕೆಲಸದಷ್ಟು ನಯ ಬರಲಿಲ್ಲ, ಆದರೆ ಪಾಸಾದವು. ನೋಡಿದಿರಾ, ಕೈ ಹಚ್ಚದಿದ್ದರೆ ಸರಿ ಬರುತ್ತದೆ ಎಂದು ಮಾಲಕರು ಎಲ್ಲರಿಗೂ ಹೇಳಿದರು. ನನ್ನ ಸುಳ್ಳಿಗೆ ಸಾಕ್ಷಿಯೂ ಸಿಕ್ಕಂತಾಯಿತು.

ಆಮೇಲೆ ಅದಕ್ಕೊಂದು ನಿಯಮವಾಯಿತು. "ಆಂಟೆನಾದ ಒಳಮೈಗೆ ಕೈ ಹಚ್ಚಬಾರದು" ಎಂದು ಗೋಡೆಗೆ ಒಂದು ಹಾಳೆ ಅಂಟಿತು. ಅದರ ಒಕ್ಕಣೆ ನನ್ನದೇ. ಕೆಟ್ಟ ಎಂಟರಲ್ಲಿ ಒಂದನ್ನು ಕಪಾಟಿನಲ್ಲಿಟ್ಟು, ಅದಕ್ಕೆ "ಕೈಕೆಲಸದ ದೋಷ" ಎಂದು ಚೀಟಿ ಹಚ್ಚಿದರು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅದನ್ನು ಎತ್ತಿ ತೋರಿಸಿ ಪಾಠ ಹೇಳುವುದು ನನ್ನ ಕೆಲಸ. ಹೇಳಿದೆ. ಎರಡು ಸಲ ಹೇಳಿದೆ. ಎರಡನೆಯ ಸಲ ನನ್ನ ಧ್ವನಿ ಒಂಚೂರೂ ನಡುಗಲಿಲ್ಲ, ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಹಾನಗಲ್ಲಿಗೆ ಹೋದಾಗ ಅವ್ವ ಪಾತ್ರೆ ಮುಂದಿಡುತ್ತಿದ್ದಳು. ಕಲಾಯಿ ಸವೆದಿದೆ, ಒಯ್ಯಿ ಎನ್ನುತ್ತಿದ್ದಳು. ಕೆಲಸ ಜಾಸ್ತಿ, ಮುಂದಿನ ವಾರ ಎನ್ನುತ್ತಿದ್ದೆ. ಸವಣೂರಿನ ಬೋರ್ಡು ಹಾಕಿದ ಬಸ್ಸು ಕಂಡರೆ ನಿಲ್ದಾಣದಲ್ಲಿ ಬೇರೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಹೀಗೆ ಐದಾರು ವಾರ ಸಾಗಿತು. ಅವ್ವ ನನ್ನಂಥವಳಲ್ಲ. ಒಂದು ದಿನ ತಾನೇ ಚೀಲ ಹಿಡಿದು ಬಸ್ಸು ಹತ್ತಿ ಸವಣೂರಿಗೆ ಹೋಗಿ ಬಂದಳು. ಆ ರವಿವಾರ ನಾನು ಮನೆಗೆ ಹೋದಾಗ ಪಾತ್ರೆಗಳು ಕಟ್ಟೆಯ ಮೇಲೆ ಕಪ್ಪಗೇ ಕೂತಿದ್ದವು.

"ಅವರು ಕಲಾಯಿ ಬಿಟ್ಟಾರಂತವಾ" ಎಂದಳು ಅವ್ವ. "ಹುಲಗೂರು ಉರುಸಿನ ಅಡಗಿ ಡೇಗು ಬಂದಿದ್ವಂತ, ಅವನ್ನೂ ಒಲ್ಲೆ ಅಂದಾರ. ಬೆರಳಿಗೆ ಈಗ ಏನೂ ತಿಳಿಯಾಂಗಿಲ್ಲ ಅಂತಾರ. ವಯಸ್ಸಾತು, ಒಂದು ದೊಡ್ಡ ಕೆಲಸ ಕೆಡಿಸಿಬಿಟ್ಟೆ, ಇನ್ನ ಮಂದಿ ಪಾತ್ರೆ ಕೆಡಸೂದು ಬ್ಯಾಡ ಅಂತಾರ. ನಿಮ್ಮಲ್ಲೇ ಏನೋ ಆತಂತಲ್ಲ?"

ನಾನು ಕಪ್ಪಾದ ಪಾತ್ರೆಯೊಂದನ್ನು ಎತ್ತಿ ಒಳಗೆ ನೋಡಿದೆ. ಕೆಲಸ ಹೋಗಿದ್ದರೆ ಇನ್ನೊಂದು ಕೆಲಸ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಅವರಿಗೆ ಇದ್ದಿಲಿನ ಗುಂಡಿ ಇದೆ, ಪಾತ್ರೆಗಳಿವೆ, ಅವರೇನು ನಮ್ಮನ್ನು ನಂಬಿ ಕೂತಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಅವರು ನನ್ನ ಮಾತನ್ನು ನಂಬಬಹುದು ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ರೂಢಿಯಂತೆ ಹೊಣೆ ಹೊತ್ತಿದ್ದಾರೆ, ಒಳಗೊಳಗೆ ನನ್ನನ್ನು ಬೈಯುತ್ತಿರಬೇಕು ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಳತೆ ಗೊತ್ತಿಲ್ಲ ಎಂದು ಓದಿದವಳು ಹೇಳಿದ್ದಳು, ಅದಕ್ಕೇ ಅವರು ತಮ್ಮ ಬೆರಳನ್ನು ಬಿಟ್ಟು ನನ್ನ ಮಾತು ಹಿಡಿದಿದ್ದರು.

ಸೋಮವಾರ ಕಪಾಟಿನಿಂದ ಆ ಆಂಟೆನಾ ತೆಗೆದು, ತಂತಿಯಿಂದ ಲೋಹ ಕೊಯ್ಯುವ ಯಂತ್ರಕ್ಕೆ ಹಾಕಿ ಉದ್ದಕ್ಕೆ ಸೀಳಿದೆ. ಯಾಕೆ ಎಂದು ಯಂತ್ರದವನು ಕೇಳಿದ. ನೋಡಬೇಕಾಗಿದೆ ಎಂದೆ. ಎರಡು ಹೋಳು ಬೇರೆಯಾದವು. ಕೊಳವೆ ಬಾಗುವ ಜಾಗದಲ್ಲಿ, ನಾನು ಚಾವಣಿ ಮಾಡಿದ ಗೋಡೆಯಿಂದ ಲೋಹ ಜೋತು ಗಂಟು ಕಟ್ಟಿತ್ತು. ಉಳಿದ ಮೂರು ಗೋಡೆ ನುಣ್ಣಗಿದ್ದವು. ಗಂಟಿನ ಅಂಚನ್ನು ಕೂಡ ಕಡ್ಡಿ ತಲುಪುವಷ್ಟು ದೂರ ಉಜ್ಜಿ ಉಜ್ಜಿ ಗುಂಡಗೆ ಮಾಡಿದ್ದರು. ಆಗದ ಕೆಲಸ ಎಂದು ತಿಳಿದೂ ಎರಡು ದಿನ ಕೂತು ಮಾಡಿದ ಗುರುತು ಅದು.

ಅವತ್ತೇ ಮಧ್ಯಾಹ್ನ ರಜೆ ಹಾಕಿ ಹೋಳುಗಳನ್ನು ಮನೆಯಿಂದ ತಂದಿದ್ದ ಅವ್ವನ ಪಾತ್ರೆಯ ಚೀಲದಲ್ಲಿಟ್ಟುಕೊಂಡು ಸವಣೂರಿಗೆ ಹೋದೆ. ಸಂದಿಯಲ್ಲಿ ತಗಡು ಇತ್ತು, ಗುಂಡಿಗೆ ಮಣ್ಣು ಮುಚ್ಚಿತ್ತು. ಉಸ್ತಾದರು ಪಕ್ಕದಲ್ಲೇ ಇದ್ದ ತಮ್ಮ ಮನೆಯ ಕಟ್ಟೆಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಎದ್ದರು. "ಬರ್ರಿ ಬಾಯಾರ, ಕುಂದರ್ರಿ" ಎಂದು ತಾವು ಕೂತಿದ್ದ ಚಾಪೆಯನ್ನೇ ಸರಿಸಿದರು. ಒಳಗಿನಿಂದ ಚಹಾ ಬಂತು. ಚಹಾ ಕುಡಿಯುವ ಯೋಗ್ಯತೆ ನನಗಿರಲಿಲ್ಲ, ಬೇಡ ಎನ್ನುವ ಧೈರ್ಯವೂ ಇರಲಿಲ್ಲ. ಕುಡಿದೆ.

ಆಮೇಲೆ ಹೋಳನ್ನು ಅವರ ಕೈಗೆ ಕೊಟ್ಟೆ. ಅವರು ಕಣ್ಣು ಮುಚ್ಚಿದರು. ಎರಡು ಬೆರಳು ಗೋಡೆಗುಂಟ ಹೋಗಿ ಗಂಟಿನ ಮೇಲೆ ನಿಂತವು.

"ಇದು ಉಜ್ಜಿದ್ದಲ್ರಿ" ಎಂದರು ಮೆಲ್ಲಗೆ. "ಇದು ಹುಟ್ಟಿದ್ದು."

"ಹೌದ್ರಿ. ನಾನು ಮಲಗಿಸಿದ್ದಕ್ಕ ಹಿಂಗಾತು. ನೀವು ಹೇಳಿದಾಗ ನನಗ ಗೊತ್ತಿತ್ತು. ಎಲ್ಲಾರ ಮುಂದ ನಿಮ್ಮ ಮ್ಯಾಲ ಹಾಕಿದಾಗೂ ಗೊತ್ತಿತ್ತು. ನೀವು ಕೊನೀ ಕೈ ಅಂತೀರಿ ಅನ್ನೂದೂ ಗೊತ್ತಿತ್ತು. ತಪ್ಪಾತ್ರಿ."

ಬೆರಳು ಗಂಟಿನ ಮೇಲೇ ಇತ್ತು. ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ.

"ಅವತ್ತು ಎಲ್ಲಾರ ಮುಂದ ಹೇಳಿದ್ರಿ. ಇವತ್ತು ನನ್ನೊಬ್ಬನ ಮುಂದ ಹೇಳಾಕತ್ತೀರಿ" ಎಂದರು.

ನಾಳೆ ನೀವೂ ಬನ್ನಿ, ನಿಮ್ಮೆದುರಿಗೇ ಎಲ್ಲರಿಗೂ ಹೇಳುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿದರು. "ನಾ ಬರಾಂಗಿಲ್ರಿ. ನಾ ಅಲ್ಲಿ ನಿಂತ್ರ ನನ್ನ ಮಾರಿ ನೋಡಿ ಹೇಳ್ತೀರಿ, ಅವರೂ ನನ್ನ ಮಾರಿ ನೋಡಿ ಹೂಂ ಅಂತಾರ. ನಾ ಇಲ್ಲದಾಗ ಹೇಳ್ರಿ." ಹೋಳನ್ನು ಅರಿವೆಯಲ್ಲಿ ಸುತ್ತಿ ನನ್ನ ಚೀಲದಲ್ಲಿ ಅವರೇ ಇಟ್ಟರು. ಬಸ್ಸಿನ ತನಕ ಬಂದು ಕಳಿಸಿದರು. ಆ ಮರ್ಯಾದೆ ನನ್ನನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು.

ನಮ್ಮಲ್ಲಿ ಬೆಳಿಗ್ಗೆ ಯಂತ್ರ ಶುರು ಮಾಡುವ ಮುಂಚೆ ಎಲ್ಲರೂ ನಿಂತು ಚಹಾ ಕುಡಿಯುತ್ತೇವೆ, ಆ ದಿನದ ಕೆಲಸ ಮಾತಾಡುತ್ತೇವೆ. ಮರುದಿನ ನಾನು ಎರಡೂ ಹೋಳುಗಳನ್ನು ಮೇಜಿನ ಮೇಲಿಟ್ಟೆ. ಮುದ್ರಣದ ಫೈಲು ತೆರೆದು ಕೆಂಪು ಬಣ್ಣ ತೋರಿಸಿದೆ. ನಾನು ಏನು ಮಾಡಿದೆ, ಉಸ್ತಾದರು ಏನು ಹೇಳಿದರು, ನಾನು ಏನು ಉತ್ತರ ಕೊಟ್ಟೆ ಎಂದು ಒಂದೊಂದಾಗಿ ಹೇಳಿದೆ. ಮಧ್ಯದಲ್ಲಿ ಕರೆಂಟು ಕೈಕೊಟ್ಟದ್ದನ್ನು ಸೇರಿಸಬೇಕು ಎಂದು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಹಿರೇಕೆರೂರಿನವನು ಕಪ್ಪಿನೊಳಗೆ ನೋಡುತ್ತ, "ನನಗ ಅವತ್ತ ಡೌಟ್ ಇತ್ರಿ. ನಾನೂ ಗಟ್ಟಿಯಾಗಿ ಹೇಳಬೇಕಿತ್ತು" ಎಂದ. ನನ್ನ ಪಾಪದಲ್ಲಿ ಅವನಿಗೂ ಒಂದು ತುಣುಕು ಹಂಚಿದ್ದೆ ಎಂದು ಆಗ ಗೊತ್ತಾಯಿತು.

ಮಾಲಕರು ಕೂಗಾಡಿದರು, ಕೂಗಾಡಲೇಬೇಕಿತ್ತು. ತಮ್ಮೆದುರಿಗೇ ನನ್ನಿಂದ ಗಿರಾಕಿಗೆ ಫೋನ್ ಮಾಡಿಸಿ ನಿಜ ಹೇಳಿಸಿದರು. ಗೋಡೆಯ ಹಾಳೆಯನ್ನು ನಾನೇ ಕಿತ್ತೆ. ಮಲಗಿಸುವ ಕೋನವನ್ನು ಇನ್ನು ಮೇಲೆ ಇಬ್ಬರು ನೋಡಿಯೇ ಒಪ್ಪಬೇಕು ಎಂದಾಯಿತು. ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ, ತೆಗೆಯಲಿಲ್ಲ. ಆ ವಾರವೇ ಮಾಲಕರು ತಾವಾಗಿ ಸವಣೂರಿಗೆ ಹೋಗಿ ಉಸ್ತಾದರ ಕಟ್ಟೆಯ ಮೇಲೆ ಕೂತು ಬಂದರು. ಉಸ್ತಾದರು ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎಂದೂ ಅನ್ನಲಿಲ್ಲ. ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಮೊದಲಿನ ಬಸ್ಸಿಗೇ ಬಂದು ಕಿಟಕಿಯ ಪಕ್ಕ ಕೂತು, ಡಬ್ಬಿಯಿಂದ ಬಿದಿರ ಕಡ್ಡಿ ತೆಗೆದು ಧೂಳು ಒರೆಸಿದರು. ನಾವೆಲ್ಲ ಏನೂ ಆಗದವರಂತೆ ನಮ್ಮ ನಮ್ಮ ಮೇಜಿಗೆ ಹೋದೆವು. ನನಗೆ ಅಳು ಬಂದಿತ್ತು, ಲೋಹದ ಪುಡಿಗೆಂದು ಹಾಕುವ ಮಾಸ್ಕ್ ಮುಖಕ್ಕೆ ಇದ್ದದ್ದು ಒಳ್ಳೆಯದಾಯಿತು.

ಅವ್ವನ ಪಾತ್ರೆಗೂ ಕಲಾಯಿ ಆಯಿತು. ಗುಂಡಿಯ ಮಣ್ಣು ತೆಗೆದು ಮೊದಲು ಹಾಕಿದ್ದೇ ಅದಕ್ಕಂತೆ. ಅವ್ವ ಸಾರು ಕುದಿಸಿ, ಈಗ ಸಾರಾಯಿತು ನೋಡು ಎಂದಳು. ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಅವಳು ಸೌಟು ಹಿಡಿದು ನಿಂತು, "ಅವತ್ತು ಪಾತ್ರಿ ಸುಟ್ಟಾಗ ಸುಳ್ಳು ಹೇಳಂತ ಕಳಿಸಿದಾಕಿ ನಾನ" ಎಂದಳು. ಅಷ್ಟು ಹೇಳಿ ಒಲೆಯ ಕಡೆ ತಿರುಗಿದಳು.

ಇಷ್ಟಕ್ಕೆ ನಿಂತಿದ್ದರೆ ನಾನು ಹಗುರಾಗುತ್ತಿದ್ದೆನೋ ಏನೋ. ಉಸ್ತಾದರ ಕೆಲಸ ಮೊದಲಿನಂತೆಯೇ ಇದೆ, ಹಿರೇಕೆರೂರಿನವನ ಗ್ರಾಫ್ ಅದನ್ನೇ ಹೇಳುತ್ತದೆ. ಬೆರಳಿಗೆ ಏನೂ ಆಗಿಲ್ಲ. ಆದರೆ ಅವರು ಈಗ ಆಂಟೆನಾವನ್ನು ಬೋರಲು ಹಾಕಿ ಎದ್ದು ಹೋಗುವುದಿಲ್ಲ. ಮುಗಿದ ಪ್ರತಿಯೊಂದನ್ನೂ ಎರಡು ಕೈಯಲ್ಲಿ ಹಿಡಿದು ನನ್ನ ಮೇಜಿನ ತನಕ ಬರುತ್ತಾರೆ.

"ಒಮ್ಮೆ ನೋಡ್ರಿ ಬಾಯಾರ. ಸರಿ ಆಗೇತೇನ?"

ನಿಮಗಿಂತ ನನಗೆ ಹೆಚ್ಚು ಗೊತ್ತಿದೆಯೇ, ಇದರ ಅಗತ್ಯವಿಲ್ಲ ಎಂದು ಎಷ್ಟೋ ಸಲ ಹೇಳಿದ್ದೇನೆ. ಮೊನ್ನೆಯೂ ಹೇಳಿದೆ. ಅವರು ಆಂಟೆನಾವನ್ನು ನನ್ನ ಕೈಯಲ್ಲಿ ಇಟ್ಟೇ ಬಿಟ್ಟರು.

"ನನ್ನ ಬೆರಳ ಮ್ಯಾಲ ನನಗ ಮೊದಲಿನ ನಂಬಿಕಿ ಬರವಲ್ದ್ರಿ. ಕೊನೀ ಕೈ ನಿಮ್ಮದ ಇರ್ಲಿ."

ಅದರಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಅವರು ಹೋಗಿ ಇನ್ನೊಂದನ್ನು ಎತ್ತಿಕೊಂಡರು. ನಾನು ಕಣ್ಣು ಮುಚ್ಚಿ ಎರಡು ಬೆರಳನ್ನು ಒಳಗೆ ಓಡಿಸಿದೆ. ನನಗೆ ಏನೂ ತಿಳಿಯಲಿಲ್ಲ. ಸರಿ ಇದೆ ಎಂದು ಹೇಳಿ ಆಂಟೆನಾವನ್ನು ಅರಿವೆಯ ಮೇಲೆ ಬೋರಲು ಹಾಕಿದೆ.